ಅಬ್ಬೆ ದುಬುವಾ: ಹೆಸರು ಒಬ್ಬರದು, ಬರಹ ಹಲವರದು

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೆ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸ್‌ನ ಹೆಸರು ಅದು. ಊರಿನ ಹೆಸರು ಬದಲಾಯ್ತು. ಆದರೆ ಇಲ್ಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಕರೆಯೋದು. ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು, ಹೆಸರು ಮಾತ್ರ ಒಬ್ಬ ಅಧಿಕಾರಿಯದು.

ಪುಸ್ತಕಗಳಿಗೂ ಹೀಗೇ ಆಗುತ್ತೆ. ಕ್ಲೋಸ್ ಇದ್ದ ಕಾಲದಲ್ಲೇ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರ ಬದುಕು ಇದಕ್ಕೆ ಸಾಕ್ಷಿ. ಕನ್ನಡದಲ್ಲಿ ಅಬ್ಬೆ ಅಂದರೆ ತಾಯಿ, ಫ್ರೆಂಚಿನಲ್ಲಿ ಪಾದ್ರಿಯನ್ನು ಹಾಗೆ ಕರೀತಾರೆ.

ಪೂರ್ತಿ ಹೆಸರು ಜಾನ್ ಆಂತ್ವಾನ್ ದುಬುವಾ. ದಕ್ಷಿಣ ಫ್ರಾನ್ಸಿನ ಹಳ್ಳಿಯವರು. ಫ್ರಾನ್ಸಿನಲ್ಲಿ ಕ್ರಾಂತಿ ಭುಗಿಲೆದ್ದಿದ್ದ 1792ರಲ್ಲಿ ಭಾರತಕ್ಕೆ ಹೊರಟರು. ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸೋಕೆ ಇಲ್ಲಿಗೆ ಬಂದರು. ಗಂಜಾಂನ ಚರ್ಚನ್ನು ಇವತ್ತಿಗೂ ಅವರ ಹೆಸರಿನಿಂದಲೇ ಗುರುತಿಸ್ತಾರೆ. ಈ ಸೀಮೆಯ ಉಡುಗೆ ತೊಟ್ಟು, ಮಾಂಸ ಬಿಟ್ಟು, ಜನರ ನಡುವೆಯೇ ಬದುಕಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆದರು. ಸಿಡುಬಿನ ಲಸಿಕೆಗೆ ಎಲ್ಲರೂ ಹೆದರುತ್ತಿದ್ದ ಕಾಲದಲ್ಲಿ ಸಾವಿರಾರು ಜನರಿಗೆ ಅದನ್ನು ಹಾಕಿಸಿದರು.

ಅವರಿಗೆ ಹೆಸರು ತಂದುಕೊಟ್ಟದ್ದು ಮಾತ್ರ ಒಂದು ಹಸ್ತಪ್ರತಿ. ಹಿಂದೂಗಳ ಆಚಾರ, ಜಾತಿ, ಹಬ್ಬ, ಮಡಿ-ಮೈಲಿಗೆ ಎಲ್ಲವನ್ನೂ ವಿವರಿಸುವ ಬರಹ. ಆಗ ಮೈಸೂರಿನ ರೆಸಿಡೆನ್ಸಿಯಲ್ಲಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಮದ್ರಾಸಿಗೆ ಕಳಿಸಿದ. ಈಸ್ಟ್ ಇಂಡಿಯಾ ಕಂಪನಿ 2000 ಸ್ಟಾರ್ ಪಗೋಡ, ಅಂದರೆ ಮದ್ರಾಸಿನ ಚಿನ್ನದ ವರಹ, ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮನ್ನು ಆಳಲು ಬಂದವರು ನಮ್ಮನ್ನು ಅರ್ಥ ಮಾಡ್ಕೊಂಡದ್ದು ಇಂಥ ಪುಸ್ತಕ ಓದಿ. ದುಬುವಾ ಜಾತಿಪದ್ಧತಿಯನ್ನು ಸಮಾಜ ಕಾಯುವ ಒಳ್ಳೆಯ ಏರ್ಪಾಡು ಅಂತ ಸಮರ್ಥಿಸಿದ್ದರು. ಕಂಪನಿ ದುಡ್ಡು ಕೊಟ್ಟು ಕೊಂಡ ಜ್ಞಾನದಲ್ಲಿ ಈ ಸಮರ್ಥನೆಯೂ ಸೇರಿತ್ತು ಅನ್ನೋದನ್ನ ಮರೀಬಾರದು.

ಅವರು ಸತ್ತು 139 ವರ್ಷದ ನಂತರ ಕತೆ ತಿರುಗಿತು. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದ್ವಾಂಸೆ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಪುಸ್ತಕದ ಬಹುಪಾಲು ಇನ್ನೊಬ್ಬರ ಬರಹ ಅಂತ ತೋರಿಸಿದರು. ಮೂಲ ಲೇಖಕ ತೆಲುಗು ಸೀಮೆಯಲ್ಲಿದ್ದ ಜೆಸ್ವಿಟ್ ಪಾದ್ರಿ ಕೊರ್ದೂ. ಈ ಮನುಷ್ಯನ ಹಣೆಬರಹ ನೋಡಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಕುಟುಂಬದವು ಅಂತ 1767ರಲ್ಲೇ ಪ್ಯಾರಿಸ್ಸಿಗೆ ಬರೆದಿದ್ದರು. ಅದು ಅಚ್ಚಾಗುವಷ್ಟರಲ್ಲಿ ಕೀರ್ತಿ ವಿಲಿಯಂ ಜೋನ್ಸ್ ಪಾಲಾಗಿತ್ತು.

ನಾನು ಎಂಜಿನಿಯರಿಂಗ್ ಓದಿದವನು. ಬೇರೆಯವರ ಕೋಡ್ ಬಳಸಿದರೆ ಫೈಲಿನ ತಲೆಯಲ್ಲಿ ಅವರ ಹೆಸರು ಇರಬೇಕು ಅನ್ನೋದು ನಮಗೆ ಸಾಮಾನ್ಯ ನಿಯಮ. ಆದರೆ ಫ್ರಾನ್ಸಿನ ಸಾಹಿತ್ಯ ಚಿಂತಕರು ಹೆಸರನ್ನೇ ಪ್ರಶ್ನೆ ಮಾಡಿದರು. 1960ರ ದಶಕದ ಕೊನೆಯಲ್ಲಿ ರೋಲಾಂ ಬಾರ್ತ್ ಲೇಖಕ ಸತ್ತಿದ್ದಾನೆ ಅಂದರು. ಪಠ್ಯ ಅನ್ನೋದು ಹಲವು ಬರಹಗಳ ನೇಯ್ಗೆ ಅನ್ನೋದು ಅವರ ವಾದ. 1969ರಲ್ಲಿ ಮಿಷೆಲ್ ಫೂಕೋ, ಲೇಖಕನ ಹೆಸರು ಸಮಾಜದಲ್ಲಿ ಏನು ಕೆಲಸ ಮಾಡುತ್ತೆ ಅಂತ ಕೇಳಿದರು. ದುಬುವಾ ಪುಸ್ತಕಕ್ಕೆ ಎರಡೂ ಒಪ್ಪುತ್ತವೆ. ಆದರೆ ಆಳಿಸಿಕೊಂಡವರ ಕಡೆಯಿಂದ ಒಂದು ತಕರಾರಿದೆ. ಹೆಸರೇ ಸಿಗದವರು ಸಾಯೋದು ಹೇಗೆ? ಮಾರ್ಟಿನಿಕ್‌ನ ಏಮೆ ಸೆಜೇರ್, ಸೆನೆಗಲ್‌ನ ಸೆಂಗೋರ್ ಅದೇ ಫ್ರೆಂಚ್ ಭಾಷೆಯಲ್ಲಿ ತಮ್ಮ ಹೆಸರಿನಲ್ಲೇ ಮಾತಾಡೋಕೆ ಹೋರಾಡಿದರು. ಅವರಿಗೆ ಲೇಖಕ ಇನ್ನೂ ಹುಟ್ಟಬೇಕಿತ್ತು.

1823ರಲ್ಲಿ ದುಬುವಾ ಭಾರತ ಬಿಟ್ಟರು. ಹಿಂದೂಗಳನ್ನು ಮತಾಂತರಿಸೋದು ಆಗದ ಮಾತು ಅಂತ ಅದೇ ವರ್ಷ ಪುಸ್ತಕದಲ್ಲಿ ಬರೆದರು. ಮೂರು ದಶಕ ಅದೇ ಕೆಲಸಕ್ಕೆ ಸವೆದ ಪಾದ್ರಿ ಹೀಗೆ ಬರೆಯೋಕೆ ಧೈರ್ಯ ಬೇಕು. 1826ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಪಂಚತಂತ್ರ ಬಂತು. ತಮಿಳು, ತೆಲುಗು, ಕನ್ನಡದ ಮೂರು ಪ್ರತಿಗಳಿಂದ ಆರಿಸಿ ಅನುವಾದಿಸಿದ್ದು ಅದು. ಪರ್ಷಿಯನ್ ದಾರಿಯಲ್ಲಿ ಬಂದ ಈ ಕತೆಗಳು 17ನೇ ಶತಮಾನದಲ್ಲೇ ಲಾ ಫೊಂತೇನ್‌ನ ಕೈ ಸೇರಿದ್ದವು. ಈಗ ನಮ್ಮ ಭಾಷೆಗಳಿಂದ ನೇರವಾಗಿ ಹೋದವು. ಭಾಷೆಗಳ ಹೆಸರು ಉಳೀತು, ಆ ಪ್ರತಿಗಳನ್ನು ಬರೆದವರ ಹೆಸರಲ್ಲ. ದುಬುವಾ 1848ರಲ್ಲಿ ಪ್ಯಾರಿಸ್ಸಿನಲ್ಲೇ ತೀರಿಕೊಂಡರು.

ಅವರನ್ನು ಕಳ್ಳ ಅಂದುಬಿಡೋದು ಸುಲಭ. ಆ ಕಾಲದಲ್ಲಿ ಮಿಷನ್ನಿನ ಹಸ್ತಪ್ರತಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ಸೇರಿಸೋರು ಸೇರಿಸುತ್ತಿದ್ದರು. ಅದಕ್ಕೆ ಬೆಲೆ ಕಟ್ಟಿದ ದಿನವೇ ಒಂದು ಹೆಸರು ಬೇಕಾಯ್ತು. ಕೊರ್ದೂ ಅವರಿಗೆ ಕೊನೆಗೆ ಒಬ್ಬ ಸಂಶೋಧಕಿಯಾದರೂ ಸಿಕ್ಕರು. ಕೊರ್ದೂ, ದುಬುವಾ ಇಬ್ಬರಿಗೂ ಕೂತು ವಿವರ ಹೇಳಿದ ಊರಿನವರಿಗೆ ಅದೂ ಇಲ್ಲ.

ಬೆಂಗಳೂರು-ಮೈಸೂರು ಹಳೇ ರಸ್ತೆಯಲ್ಲಿ, ರಾಮನಗರದ ಹತ್ತಿರ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಮಾಗಡಿ, ಕನಕಪುರ, ಚನ್ನಪಟ್ಟಣದ ಹಳ್ಳಿಗಳಲ್ಲಿ ಕತೆ, ಪದ ಸಂಗ್ರಹಿಸೋಕೆ ಇವತ್ತೂ ವಿದ್ಯಾರ್ಥಿಗಳು ಹೋಗ್ತಾರೆ. ರಕ್ಷಾಪುಟದ ಮೇಲೆ ಸಂಗ್ರಾಹಕರ ಹೆಸರು ದೊಡ್ಡದಾಗಿ ಬರಲಿ, ಬೇಡ ಅನ್ನಲ್ಲ. ಹೇಳಿದ ಅಜ್ಜಿಯ ಹೆಸರು, ಊರು ಒಳಪುಟದಲ್ಲಾದರೂ ಇರಲಿ. ಇಲ್ಲದಿದ್ದರೆ ನಾವೂ ದೊಡ್ಡಸ್ವಾಮಿಯವರ ದಾರಿಯನ್ನೇ ಹಿಡಿದ ಹಾಗೆ.