ತಂಬೂರಿಗೆ ಹೆಸರಿಟ್ಟ ಸುಲ್ತಾನ: ಎರಡನೆಯ ಇಬ್ರಾಹಿಂ ಆದಿಲ್ ಶಾಹ

ಆದಿಲ್ ಶಾಹಿ ಅರಸರೆಂದರೆ ವಿದ್ಯಾರ್ಥಿಗಳಿಗೆ ಥಟ್ಟನೆ ನೆನಪಾಗುವುದು ಗೋಲಗುಂಬಜ್. ಅದು ಮುಹಮ್ಮದ್ ಆದಿಲ್ ಶಾಹನ ಗೋರಿ. ಅವನ ತಂದೆ ಎರಡನೆಯ ಇಬ್ರಾಹಿಂ ಕವಿಯೂ ಸಂಗೀತಗಾರನೂ ಆಗಿದ್ದನೆಂಬುದು ಹಲವರಿಗೆ ತಿಳಿಯದು.

1580ರಲ್ಲಿ ಅಲಿ ಆದಿಲ್ ಶಾಹನ ಕೊಲೆಯಾದಾಗ ಅವನ ತಮ್ಮನ ಮಗ ಇಬ್ರಾಹಿಂ 9 ವರ್ಷದ ಬಾಲಕ. ಪಟ್ಟವೇನೋ ದೊರೆಯಿತು, ಅಧಿಕಾರ ಸರದಾರರ ಕೈಯಲ್ಲಿತ್ತು. ಬಾಲಕನ ಪರವಾಗಿ ನಿಂತ ಚಾಂದ್ ಬೀಬಿಯನ್ನೇ ಸರದಾರನೊಬ್ಬ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟಿದ್ದನು. 1590ರ ಹೊತ್ತಿಗೆ ಇಬ್ರಾಹಿಂ ಸ್ವತಂತ್ರವಾಗಿ ಆಳತೊಡಗಿದನು.

ಇಂತಹ ಕಲಹದ ನಡುವೆ ಬೆಳೆದವನಿಗೆ ತಂಬೂರಿ ಸಂಗಾತಿಯಾಯಿತು. ಅದಕ್ಕೆ ಅವನಿಟ್ಟ ಹೆಸರು ಮೋತಿ ಖಾನ್. ತನ್ನ ಹಾಡುಗಳಲ್ಲಿ ರಾಣಿ ಚಾಂದ್ ಸುಲ್ತಾನಾ ಮತ್ತು ಆನೆ ಆತಶ್ ಖಾನ್ ಜೊತೆಗೆ ಈ ವಾದ್ಯವನ್ನೂ ಸ್ಮರಿಸಿದ್ದಾನೆ. ಅವನು ತಂಬೂರಿ ನುಡಿಸುತ್ತಿರುವ ದೃಶ್ಯವನ್ನು ಫರ್ರುಖ್ ಬೇಗ್ ಎಂಬ ಕಲಾವಿದ ಚಿತ್ರಿಸಿದ್ದು, ಆ ಚಿತ್ರ ಇಂದು ಯುರೋಪಿನ ಪ್ರಾಗ್ ನಗರದಲ್ಲಿದೆ.

ತಂಬೂರಿ ಉದ್ದ ಕತ್ತಿನ ವಾದ್ಯ. ಅದರ ಗಿಡ್ಡ ಕತ್ತಿನ ಬಂಧು ಅರಬರ ಊದ್. ಊದ್ ಎಂದರೆ ಮರ. ಅಲ್-ಊದ್ ಎಂಬ ಹೆಸರೇ ಯುರೋಪಿನಲ್ಲಿ ಲ್ಯೂಟ್ ಆಯಿತು. 9ನೇ ಶತಮಾನದ ಬಗ್ದಾದಿನ ತತ್ವಜ್ಞಾನಿ ಅಲ್-ಕಿಂದಿ ಊದಿನ ಶ್ರುತಿಕ್ರಮವನ್ನು ವಿವರಿಸಿದ್ದಾನೆ. ಬಮ್, ಮಸ್ಲಸ್, ಮಸ್ನಾ, ಜೇರ್ ಎಂಬ ನಾಲ್ಕು ತಂತಿಗಳು; ಒಂದು ಷಡ್ಜವಾದರೆ ಅದರ ಮೇಲಿನ ತಂತಿ ಮಧ್ಯಮ. ನಾಲ್ಕನ್ನೂ ದೇಹದ ನಾಲ್ಕು ದ್ರವಗಳೊಂದಿಗೆ ಜೋಡಿಸಿ, ಸರಿಯಾದ ನಾದ ಕದಡಿದ ಮನಸ್ಸನ್ನು ಶಾಂತಗೊಳಿಸುತ್ತದೆಂದು ಅವನು ನಂಬಿದ್ದನು. ದ್ರವಗಳ ಆ ಸಿದ್ಧಾಂತವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಉರ್ದುವಿನಲ್ಲಿ ಸ್ವರದ ಏರಿಳಿತಕ್ಕೆ ಜೇರೋಬಮ್ ಎನ್ನುವಾಗಲೆಲ್ಲ ನಾವು ಆ ತಂತಿಗಳನ್ನೇ ಹೆಸರಿಸುತ್ತೇವೆ.

ಇಬ್ರಾಹಿಮನ 'ಕಿತಾಬ್-ಎ-ನೌರಸ್' ದಖನಿ ಭಾಷೆಯ ಹಾಡುಗಳ ಗ್ರಂಥ. ನವರಸಗಳನ್ನು ಪಾರಸಿ ಬಲ್ಲವರಿಗೂ ಪರಿಚಯಿಸುವುದು ಅದರ ಉದ್ದೇಶ. ಭೈರವ, ಮಲ್ಹಾರ, ಕೇದಾರ ಮುಂತಾದ ರಾಗಗಳನ್ನು ಅಲ್ಲಿ 'ಮಕಾಮ್' ಎಂದು ಕರೆದಿದೆ. ಸರಸ್ವತಿಯ ಸ್ತುತಿ ಇರುವ ಅದೇ ಗ್ರಂಥದಲ್ಲಿ ಗುಲಬರ್ಗಾದ ಹಜರತ್ ಗೇಸುದರಾಜರ ಮೇಲಿನ ಭಕ್ತಿಯೂ ಇದೆ. ಜನ ಅವನನ್ನು ಜಗದ್ಗುರು ಎಂದು ಕರೆದರು.

1599ರಲ್ಲಿ ಅವನು ಕಟ್ಟಲಾರಂಭಿಸಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಗೆಡವಿತು. ಮೂರು ವರ್ಷಗಳ ನಂತರ, 1627ರಲ್ಲಿ ಇಬ್ರಾಹಿಂ ತೀರಿಕೊಂಡನು. ಇಬ್ರಾಹಿಂ ರೋಜಾದಲ್ಲಿ ಅವನ ಸಮಾಧಿಯಿದೆ.

ಸಂಗೀತದ ಬಗ್ಗೆ ನಮ್ಮ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಏನೇ ಇರಲಿ, ನೆರೆಯವರ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತು ತನ್ನ ಭಾಷೆಯಲ್ಲಿ ಬರೆದಿಟ್ಟ ಅವನ ಜ್ಞಾನದಾಹವನ್ನು ಯಾರೂ ಅಲ್ಲಗಳೆಯಲಾರರು. ನಗರ ಹಾಳಾಯಿತು, ಗ್ರಂಥ ಉಳಿಯಿತು. ಕುಷ್ಟಗಿಯ ಮೇಲೆ ಹೋಗುವ ಹೆದ್ದಾರಿ ವಿಜಯಪುರವನ್ನು ಮುಟ್ಟುತ್ತದೆ. ವಿದ್ಯಾರ್ಥಿಗಳು ಅಲ್ಲಿಗೆ ಹೋದಾಗ ಗೋಲಗುಂಬಜ್ ಜೊತೆಗೆ ತೊರವಿಯ ಸಂಗೀತ ಮಹಲಿನ ಅವಶೇಷಗಳನ್ನೂ ತಪ್ಪದೇ ನೋಡಿ ಬರಲಿ.