ಅನಂತವನ್ನು ಪಳಗಿಸಿದ ಟೊಮೊನಾಗಾ: ವಿಜ್ಞಾನಿಗಳು ಲೆಕ್ಕದಲ್ಲಿ ಮೋಸ ಮಾಡಿದರೇ?

ಲೆಕ್ಕದಲ್ಲಿ ಅನಂತ ಬಂದರೆ ವಿಜ್ಞಾನಿಗಳು ಅದನ್ನು ಚಾಪೆಯ ಕೆಳಗೆ ತಳ್ಳಿ ಬೇಕಾದ ಉತ್ತರ ಬರೆದುಕೊಳ್ಳುತ್ತಾರೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? ಇದನ್ನು ತಿಳಿಯಲು ನಾವು ಜಪಾನಿನ ಭೌತವಿಜ್ಞಾನಿ ಸಿನ್-ಇಟಿರೊ ಟೊಮೊನಾಗಾ ಅವರ ಬದುಕನ್ನು ನೋಡೋಣ.

ಟೊಮೊನಾಗಾ ಹುಟ್ಟಿದ್ದು 1906ರಲ್ಲಿ, ಟೋಕಿಯೊದಲ್ಲಿ. ಓದಿದ್ದು ಕ್ಯೋಟೊದಲ್ಲಿ. ಆ ಕಾಲದ ದೊಡ್ಡ ತಲೆನೋವು ಎಂದರೆ, ಎಲೆಕ್ಟ್ರಾನ್ ಮತ್ತು ಬೆಳಕಿನ ನಡುವಿನ ಕ್ರಿಯೆಯನ್ನು ನಿಖರವಾಗಿ ಲೆಕ್ಕ ಹಾಕಲು ಹೋದರೆ ಉತ್ತರ ಅನಂತ ಬರುತ್ತಿತ್ತು.

1943ರಲ್ಲಿ, ಯುದ್ಧದ ನಡುವೆಯೇ, ಅವರು ಹೊಸ ದಾರಿಯೊಂದನ್ನು ಪ್ರಕಟಿಸಿದರು. ಲೇಖನ ಜಪಾನಿ ಭಾಷೆಯಲ್ಲಿತ್ತು, ಹೊರಜಗತ್ತಿಗೆ ತಿಳಿಯಲಿಲ್ಲ. ಯುದ್ಧ ಮುಗಿದಾಗ ಟೋಕಿಯೊದ ಬಹುಭಾಗ ಸುಟ್ಟುಹೋಗಿತ್ತು. ಅಲ್ಲೇ ಕಿರಿಯರನ್ನು ಸೇರಿಸಿಕೊಂಡು ಕೆಲಸ ಮುಂದುವರಿಸಿದರು. 1947ರಲ್ಲಿ ಅಮೆರಿಕದ ವಿಲ್ಲಿಸ್ ಲ್ಯಾಂಬ್ ಮತ್ತು ಸಂಗಡಿಗರು, ಜಲಜನಕದಲ್ಲಿ ಸಮ ಎಂದು ನಂಬಿದ್ದ ಎರಡು ಶಕ್ತಿಮಟ್ಟಗಳ ನಡುವೆ ಸಣ್ಣ ಅಂತರ ಇರುವುದನ್ನು ಅಳೆದರು. ಟೊಮೊನಾಗಾಗೆ ಈ ಸುದ್ದಿ ಸಿಕ್ಕಿದ್ದು ಅಮೆರಿಕದ ವಾರಪತ್ರಿಕೆಯಿಂದ! ಅವರ ತಂಡ ಲೆಕ್ಕಕ್ಕೆ ಕುಳಿತಿತು.

ಉಪಾಯ ಇಷ್ಟು: ಎಲೆಕ್ಟ್ರಾನ್ ತನ್ನ ಸುತ್ತಲಿನ ಕ್ಷೇತ್ರವನ್ನು ಬಿಟ್ಟು ಎಂದೂ ಒಂಟಿಯಾಗಿ ಸಿಗುವುದಿಲ್ಲ. ನಾವು ಅಳೆಯುವ ದ್ರವ್ಯರಾಶಿ ಎರಡೂ ಸೇರಿದ್ದು. ಆ ಅಳೆದ ದ್ರವ್ಯರಾಶಿ ಮತ್ತು ವಿದ್ಯುದಂಶವನ್ನೇ ಲೆಕ್ಕಕ್ಕೆ ಇಟ್ಟರೆ ಅನಂತಗಳು ಅವುಗಳಲ್ಲೇ ಸೇರಿಹೋಗುತ್ತವೆ. ಉಳಿಯುವ ಸಂಖ್ಯೆ ಪ್ರಯೋಗಕ್ಕೆ ಹೊಂದುತ್ತದೆ. ಇದೇ ರೀನಾರ್ಮಲೈಸೇಶನ್.

ಇದು ಮೋಸವಲ್ಲ ಎನ್ನಲು ಕಾರಣವಿದೆ. ಅಮೆರಿಕದಲ್ಲಿ ಶ್ವಿಂಗರ್ ಮತ್ತು ಫೈನ್‌ಮನ್ ಬೇರೆ ಬೇರೆ ದಾರಿಗಳಲ್ಲಿ ನಡೆದು ಅದೇ ಉತ್ತರ ಮುಟ್ಟಿದ್ದರು. ಮೂರೂ ದಾರಿ ಒಂದೇ ಎಂದು ಡೈಸನ್ 1949ರಲ್ಲಿ ತೋರಿಸಿದರು. ಹಾಗೆಂದು ಎಲ್ಲರೂ ಒಪ್ಪಲಿಲ್ಲ. ಡಿರಾಕ್ ಅವರಂಥ ದಿಗ್ಗಜರಿಗೆ ಕೊನೆಯವರೆಗೂ ಸಮಾಧಾನ ಇರಲಿಲ್ಲ.

1965ರಲ್ಲಿ ಮೂವರಿಗೂ ನೊಬೆಲ್ ಬಂತು. ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಪಕ್ಕೆಲುಬು ಮುರಿದುಕೊಂಡಿದ್ದ ಟೊಮೊನಾಗಾ ಸಮಾರಂಭಕ್ಕೆ ಹೋಗಲಾಗಲಿಲ್ಲ. 1979ರಲ್ಲಿ ತೀರಿಕೊಂಡರು.

ಅವರ ವಿಚಾರ ಮಾತ್ರ ಬೆಳೆಯುತ್ತಲೇ ಇದೆ. ಪ್ರೋಟಾನಿನೊಳಗಿನ ಕ್ವಾರ್ಕ್‌ಗಳನ್ನು ಲೆಕ್ಕ ಹಾಕಲು 1974ರಲ್ಲಿ ಕೆನೆತ್ ವಿಲ್ಸನ್ ದೇಶ-ಕಾಲವನ್ನು ರಂಗೋಲಿಯ ಚುಕ್ಕಿಗಳಂತೆ ಜೋಡಿಸಿದರು. ಆದರೆ ಚುಕ್ಕಿಗಳ ನಡುವಿನ ಅಂತರ ಬದಲಾದರೆ ಕೆಲವು ಸಂಖ್ಯೆಗಳೂ ಬದಲಾಗುತ್ತವೆ. ಅವನ್ನು ನಿಜ ಜಗತ್ತಿನ ಅಳತೆಗೆ ತರುವ ತಿದ್ದುಪಡಿಯೂ ರೀನಾರ್ಮಲೈಸೇಶನ್ನೇ. ಇಂದು ಸೂಪರ್‌ಕಂಪ್ಯೂಟರ್‌ಗಳು ಮಾಡುವ ಲೆಕ್ಕಕ್ಕೂ ಇದು ಬೇಕು.

ಹಾಗಾಗಿ ವಿಜ್ಞಾನಿಗಳು ಅನಂತವನ್ನು ಮುಚ್ಚಿಟ್ಟರು ಎಂಬ ಫಾರ್ವರ್ಡ್ ಬಂದರೆ ಒಂದು ಮಾತು ನೆನಪಿಡಿ: ಅವರು ಅದನ್ನು ಎಲ್ಲರೆದುರು ಬರೆದಿಟ್ಟರು, ಪ್ರಯೋಗದ ಒರೆಗಲ್ಲಿಗೆ ಹಚ್ಚಿದರು.