ಆಗಸ್ಟ್ ವಿಲ್‌ಹೆಲ್ಮ್ ಶ್ಲೇಗೆಲ್

ಶೇಕ್ಸ್‌ಪಿಯರ್‌ನನ್ನು ಜರ್ಮನರ ಸ್ವಂತ ಕವಿಯೆಂಬಂತೆ ಮಾಡಿದ ಶ್ಲೇಗೆಲ್ 1767ರಲ್ಲಿ ಹ್ಯಾನೋವರ್‌ನ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಅವನಿಗಿಂತ ಮೊದಲು ವೀಲಾಂಡ್, ಎಶೆನ್‌ಬುರ್ಗ್ ಇವರು ಆ ನಾಟಕಗಳನ್ನು ಬಹುಪಾಲು ಗದ್ಯಕ್ಕೆ ಇಳಿಸಿದ್ದರು. ಪದ್ಯಕ್ಕೆ ಪದ್ಯವೇ ಸಲ್ಲಬೇಕೆಂಬುದು ಶ್ಲೇಗೆಲ್‌ನ ಹಟ.

ಈ ಹಟಕ್ಕೆ ಎದುರಾದ ತೊಡಕುಗಳಲ್ಲಿ ಕ್ರಿಯಾಪದವೂ ಒಂದು. ಇಂಗ್ಲಿಷಿನ ಏಕಾಕ್ಷರ ಧಾತು ಪ್ರತ್ಯಯದ ಹಂಗಿಲ್ಲದೆ ನಿಲ್ಲಬಲ್ಲುದು. ಜರ್ಮನ್ನಿನಲ್ಲಿ ಅದಕ್ಕೆ ಪ್ರತ್ಯಯ ಸೇರಿ ಹಲವೆಡೆ ಒಂದಕ್ಷರ ಬೆಳೆಯುತ್ತದೆ. ಹತ್ತಕ್ಷರದ ಸಾಲಿಗೆ ಅದು ಹಗುರವಾದ ಹೊರೆಯಲ್ಲ. ಮೇಲಾಗಿ ಅಧೀನ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಸರಿಯುತ್ತದೆ (ಕನ್ನಡಿಗರಿಗೆ ಇದರಲ್ಲಿ ಬೆರಗೇನಿಲ್ಲ). ಮೂಲದ ಒತ್ತು ಪಲ್ಲಟಗೊಳ್ಳುತ್ತದೆ. ಇಷ್ಟಾದರೂ ಶ್ಲೇಗೆಲ್ ಸಾಲುಗಳ ಎಣಿಕೆಯನ್ನು ಬಹುಮಟ್ಟಿಗೆ ಕಾಯ್ದುಕೊಂಡನು.

1797ರಿಂದ 1810ರೊಳಗೆ 17 ನಾಟಕಗಳು ಪ್ರಕಟವಾದವು. ಪತ್ನಿ ಕ್ಯಾರೊಲಿನ್ ಈ ಕಾರ್ಯದಲ್ಲಿ ಸಹಭಾಗಿಯಾಗಿದ್ದಳು. ಆದರೆ ಮುಖಪುಟದಲ್ಲಿ ಆಕೆಯ ಹೆಸರಿಲ್ಲ. ಅನುವಾದದ ಚರಿತ್ರೆ ಈ ಲೋಪವನ್ನು ಮನ್ನಿಸಲಾಗದು. ಉಳಿದ ನಾಟಕಗಳನ್ನು ಡೊರೊಥಿಯಾ ಟೀಕ್ ಮತ್ತು ಬೌಡಿಸಿನ್ ಪೂರೈಸಿದರು.

1818ರಲ್ಲಿ ಬಾನ್ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕನಾಗಿ ಬಂದ ಶ್ಲೇಗೆಲ್ ಅಲ್ಲಿ ಸಂಸ್ಕೃತಾಧ್ಯಯನಕ್ಕೆ ಅಡಿಪಾಯ ಹಾಕಿದನು. 1823ರಲ್ಲಿ ಭಗವದ್ಗೀತೆಯನ್ನು ಲ್ಯಾಟಿನ್ ಅನುವಾದದೊಡನೆ ಪ್ರಕಟಿಸಿದನು. ಸಂಸ್ಕೃತದಂತೆಯೇ ಲ್ಯಾಟಿನ್ನಿನಲ್ಲಿಯೂ ಕ್ರಿಯಾಪದವು ಪುರುಷ, ವಚನಗಳನ್ನು ತನ್ನಲ್ಲೇ ಹೊತ್ತಿರುವುದರಿಂದ ಇಲ್ಲಿ ಹಳೆಯ ತೊಡಕು ಸಡಿಲವಾಯಿತು. ಕಾಡಿದುದು ನಾಮಪದ. 'ಯೋಗ', 'ಧರ್ಮ'ಗಳಿಗೆ ಸಂದರ್ಭಾನುಸಾರ ಬೇರೆ ಬೇರೆ ಪದಗಳನ್ನು ಬಳಸಿದ್ದನ್ನು ಫ್ರಾನ್ಸಿನ ಲಾಂಗ್ಲ್ವಾ ಆಕ್ಷೇಪಿಸಿದನು. ವಿಲ್‌ಹೆಲ್ಮ್ ಫಾನ್ ಹುಂಬೋಲ್ಟ್ ಶ್ಲೇಗೆಲ್‌ನನ್ನು ಸಮರ್ಥಿಸಿದನು. 'ಯೋಗ'ದ ಬೆನ್ನಿಗೆ 'ಯುಜ್' ಎಂಬ ಧಾತುವೇ ಇದೆಯೆಂಬುದನ್ನು ನೆನೆದರೆ, ಕ್ರಿಯಾಪದ ಅವನನ್ನು ಅಲ್ಲಿಯೂ ಬಿಡಲಿಲ್ಲ.

1845ರಲ್ಲಿ ಬಾನ್ ನಗರದಲ್ಲಿಯೇ ಅವನು ತೀರಿಕೊಂಡನು.